ಕಾವೇರಿ ಸಂಕ್ರಮಣ (ಅಕ್ಟೋಬರ್ ಮಧ್ಯ) ಆದ್ಮೇಲೆ ತೋಟದ ಕೆರೆ ಮೀನು ರಾಗಿ ಮುಟ್ತಿಲ್ಲ, ಎರೆ ಬದಲಾಯಿಸ್ಬೇಕಾ?

ಸುಂಟಿಕೊಪ್ಪ_ಕೆರೆ:
ಎಲ್ಲರಿಗೂ ನಮಸ್ಕಾರ. ಕಾಫಿ ತೋಟದೊಳಗಿನ ಕೆರೆ, ಮುಕ್ಕಾಲು ಎಕರೆ, ಜೆಸಿಬಿಯಲ್ಲಿ ತೋಡಿಸಿದ್ದು. ಈಗ ಕೋಡಿ ಮಟ್ಟಕ್ಕೆ ತುಂಬಿದೆ, ಮಧ್ಯದಲ್ಲಿ 14 ಅಡಿ ಆಳ. ಕಾಟ್ಲಾ, ರೋಹು, ಕಾಮನ್ ಕಾರ್ಪ್ ಮೂರೂ ಇವೆ, ಮರಿ ಬಿಟ್ಟು ಎರಡು ವರ್ಷ. ಬೇಸಿಗೆಯಲ್ಲಿ ರಾಗಿ ಮುದ್ದೆಗೆ ಚೆನ್ನಾಗಿ ಎಳೀತಿದ್ವು. ಸಂಕ್ರಮಣ ಕಳೆದ ಮೇಲೆ ಅದೇ ಮುದ್ದೆ, ಅದೇ 6ನೇ ನಂಬರ್ ಗಾಳ, ಅದೇ ಜಾಗ, ಬೆಂಡು ಅಲುಗೋದೇ ಇಲ್ಲ. ಬೆಳಿಗ್ಗೆ ಆರು ಗಂಟೆಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾವೆ, ಮೂಗಿನ ಹತ್ತಿರ ಎರೆ ಹಾಕಿದ್ರೂ ತಿರುಗಿ ನೋಡಲ್ಲ. ಮಧ್ಯಾಹ್ನದ ಮೇಲೆ ದಿನಾ ಗುಡುಗು ಮಳೆ. ಎರೆಹುಳು, ಜೋಳ, ಬ್ರೆಡ್, ಅಂಗಡಿಯ ಪುಡಿ, ಯಾವುದು ಹಿಡಿಯೋಣ?

ಗದ್ದೆಬದು:
ಎರೆಹುಳು. ಈ ಕಾಲಕ್ಕೆ ಬೇರೆ ಯೋಚನೆನೇ ಬೇಡ.

ಬೆಂಡು_ಸೀಸ:
ಎರೆ ಬದಲಾಯಿಸೋ ಮುಂಚೆ ನೀವೇ ಬರೆದ ಸಾಲು ಇನ್ನೊಂದು ಸಲ ಓದಿ ಅಣ್ಣ. ಬೆಳಿಗ್ಗೆ ಆರಕ್ಕೆ ಮೀನು ಮೇಲೆ ಬಂದು ಬಾಯಿ ಬಿಡೋದು ಹಸಿವಿಗಲ್ಲ, ಉಸಿರಿಗೆ.

ಹಗಲು ಬಿಸಿಲಿದ್ರೆ ನೀರಿನ ಪಾಚಿ ಆಮ್ಲಜನಕ ಬಿಡುತ್ತೆ, ರಾತ್ರಿ ಅದೇ ಪಾಚಿ ಅದನ್ನ ವಾಪಸ್ ಎಳ್ಕೊಳ್ಳುತ್ತೆ. ಎರಡು ಮೂರು ದಿನ ಮೋಡ ಮುಚ್ಚಿದ್ರೆ ಹಗಲಿನ ಸಂಪಾದನೆ ಕಮ್ಮಿ, ರಾತ್ರಿಯ ಖರ್ಚು ಮಾತ್ರ ಹಾಗೇ ಇರುತ್ತೆ. ಅದರ ಮೇಲೆ ಹಿಂಗಾರಿನ ಗುಡುಗು ಮಳೆ. ತಣ್ಣನೆ ಮಳೆನೀರು ಬೆಚ್ಚಗಿನ ಮೇಲ್ಪದರ ಸೀಳ್ಕೊಂಡು ಕೆಳಗಿಳಿಯುತ್ತೆ, ತಳದಲ್ಲಿ ಕೊಳೆತು ಕೂತಿದ್ದ ನೀರು ಮೇಲೇಳುತ್ತೆ. ಆಗ ಬೆಳಗಿನ ಜಾವಕ್ಕೆ ನೀರಲ್ಲಿ ಉಸಿರೇ ಉಳಿದಿರಲ್ಲ. ಉಸಿರಾಡೋಕೆ ಪರದಾಡ್ತಿರೋ ಮೀನು ಯಾವ ಎರೆಯನ್ನೂ ಮುಟ್ಟಲ್ಲ.

ಪರೀಕ್ಷೆ ಮಾಡೋದು ಸುಲಭ. ಒಂದು ಸಣ್ಣ ಕಲ್ಲು ಎಸೀರಿ. ಮೇಯೋಕೆ ಬಂದ ಮೀನು ಮುಳುಗಿದ್ರೆ ಅಲ್ಲಿಗೆ ಬೇಗ ವಾಪಸ್ ಬರಲ್ಲ. ಉಸಿರಿಗೆ ಬಂದ ಮೀನು ಅರೆ ನಿಮಿಷದಲ್ಲಿ ಅದೇ ಜಾಗಕ್ಕೆ ಮತ್ತೆ ಬಾಯಿ ಮೇಲೆ ಮಾಡಿ ನಿಲ್ಲುತ್ತೆ. ಎರಡನೇದಾಗಿದ್ರೆ ಅವತ್ತು ಗಾಳ ಎತ್ತಿಡಿ. ಹೂಮಳೆಗೆ (ಕಾಫಿ ಹೂ ಅರಳಿಸೋ ನೀರಿಗೆ) ಅಂತ ಇಟ್ಟಿರೋ ಸ್ಪ್ರಿಂಕ್ಲರ್ ಪಂಪು ತೋಟದಲ್ಲಿ ಇದ್ದೇ ಇರುತ್ತಲ್ಲ, ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ ಅದೇ ಕೆರೆ ನೀರನ್ನ ಎತ್ತಿ ಜೆಟ್ಟಲ್ಲಿ ಕೆರೆಗೇ ಚಿಮ್ಮಿಸಿ. ನೀರು ಗಾಳಿ ಕಲೆಸಿಕೊಂಡು ಬೀಳುತ್ತೆ. ಮೀನು ಹಿಡಿಯೋದು ಆಮೇಲೆ, ಮೊದಲು ಮೀನು ಉಳೀಲಿ.

ಸುಂಟಿಕೊಪ್ಪ_ಕೆರೆ:
ಕಲ್ಲು ಹಾಕಿದ ತಕ್ಷಣ ವಾಪಸ್ ಬರ್ತಾವೆ, ನೀವು ಹೇಳಿದ ಹಾಗೇ. ಆದ್ರೆ ಮೂರು ಗಂಟೆ ಬಿಸಿಲಲ್ಲೂ ಎಳೆತ ಇಲ್ಲ. ಬೆಂಡು ಒಂದು ಕಾಳಿನಷ್ಟು ಅಲುಗಿ ಸುಮ್ನಾಗುತ್ತೆ ಅಷ್ಟೇ.

ಗೋಣಿಕೊಪ್ಪ_ಗಾಳ:
ಹಾಗಾದ್ರೆ ಉಸಿರಿನ ಕಥೆ ಬೆಳಿಗ್ಗೆಗೆ ಮಾತ್ರ. ಮಧ್ಯಾಹ್ನದ್ದು ಮುದ್ದೆಯ ದೋಷ. ಬೆಂಡು ಅಲುಗಿ ನಿಲ್ತಿದೆ ಅಂದ್ರೆ ಮೀನು ಬಾಯಿಗೆ ತಗೊಂಡು ಉಗುಳ್ತಿದೆ.

ಬೇಸಿಗೆ ಮುದ್ದೆ ಈಗ ನಡೆಯಲ್ಲ. ಪೂರ್ತಿ ಬೆಂದ ರಾಗಿ ತಣ್ಣನೆ ನೀರಿಗೆ ಬಿದ್ರೆ ಬಿಗಿಯುತ್ತೆ, ರಾತ್ರಿ ಮಿಕ್ಕ ಮುದ್ದೆ ಬೆಳಿಗ್ಗೆ ಕಲ್ಲಾಗುತ್ತಲ್ಲ, ಹಾಗೇ. ಅಷ್ಟು ಗಟ್ಟಿ ಮುದ್ದೆಯೊಳಗೆ ಹೂತ ಗಾಳದ ಮೊನೆ ನೀವು ಎಳೆದಾಗ ಹೊರಗೇ ಬರಲ್ಲ. ಮೀನಿನ ತುಟಿಗೆ ತಾಗೋದು ಮುದ್ದೆ ಮಾತ್ರ.

ಈ ಕಾಲದ ಅಳತೆ: ರಾಗಿ ಹಿಟ್ಟು 400 ಗ್ರಾಂ, ಮೈದಾ 50 ಗ್ರಾಂ, ಹುರಿದು ಪುಡಿ ಮಾಡಿದ ಕಡಲೆಕಾಯಿ ಹಿಂಡಿ 50 ಗ್ರಾಂ. ತಣ್ಣೀರಲ್ಲಿ ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಕುದಿಯೋ ನೀರಿಗೆ ಬಿಡಿ. ಬೇಸಿಗೆಯಲ್ಲಿ 20–25 ನಿಮಿಷ ಬೇಯಿಸ್ತೀವಿ, ಈಗ 10–12 ಸಾಕು. ಮುರಿದು ನೋಡಿದ್ರೆ ಹೊರಗೆ ಬೆಂದು ಮಿಂಚ್ತಾ, ಒಳಗೆ ಗೋಲಿಯಷ್ಟು ಜಾಗ ಹಸಿ ಬಣ್ಣ ಇರ್ಬೇಕು. ಬಿಸಿ ಇರೋವಾಗಲೇ ಒಂದು ಚೆನ್ನಾಗಿ ಕಳಿತ ಬಾಳೆಹಣ್ಣು ಹಾಕಿ ಮತ್ತೆ ನಾದಿ, ನೀರು ಸೇರಿಸ್ಬೇಡಿ. ಬಾಳೆಹಣ್ಣು ಮುದ್ದೆನ ಬಿಗಿಯೋಕೆ ಬಿಡಲ್ಲ.

ಅಡಿಕೆ ಗಾತ್ರ ಗಾಳಕ್ಕೆ ಒತ್ತಿ, ಕೆರೆ ನೀರು ತುಂಬಿದ ಬಕೆಟ್ಟಿಗೆ ಬಿಟ್ಟು ಇಪ್ಪತ್ತು ನಿಮಿಷ ಕಾಯಿರಿ. ತೆಗೆದು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದ್ರೆ ಗಾಳದ ಮೊನೆ ಚುಚ್ಚಿದ ಹಾಗೆ ಕೈಗೆ ಸಿಗ್ಬೇಕು. ಸಿಗದಿದ್ರೆ ಮುದ್ದೆ ಇನ್ನೂ ಗಟ್ಟಿ. ಇಪ್ಪತ್ತು ನಿಮಿಷಕ್ಕೆ ಮುಂಚೆನೇ ಕರಗಿ ಬಿದ್ರೆ ಮೈದಾ ಇನ್ನೊಂದು ಚಮಚ. ಗಾಳ 6 ಬಿಟ್ಟು 8ಕ್ಕೆ ಇಳೀರಿ, ನಂಬರ್ ಹೆಚ್ಚಾದಷ್ಟೂ ಗಾಳ ಸಣ್ಣದು.

ಗದ್ದೆಬದು:
ಇಷ್ಟೆಲ್ಲಾ ಬೇಯಿಸೋ ಹೊತ್ತಿಗೆ ಎರೆಹುಳಕ್ಕೆ ನಾಲ್ಕು ಮೀನು ಬಿದ್ದಿರುತ್ತೆ.

ಗೋಣಿಕೊಪ್ಪ_ಗಾಳ:
ಬೀಳುತ್ತೆ, ಯಾವ ಮೀನು ಅನ್ನೋದು ಪ್ರಶ್ನೆ. ಎರೆಹುಳು ಹಾಕಿದ್ರೆ ಮೊದಲು ಬರೋದು ಪಕ್ಕೆ ಅನ್ನೋ ಸಣ್ಣ ಮೀನು ಮತ್ತು ಜಿಲೇಬಿ (ತಿಲಾಪಿಯಾ). ಕಾರ್ಪ್ ಹತ್ತಿರ ಬರೋದ್ರೊಳಗೆ ಹುಳ ಖಾಲಿ.

ಗದ್ದೆಬದು:
ಸುಂಟಿಕೊಪ್ಪದವರ ಪಟ್ಟಿಯಲ್ಲಿ ಜಿಲೇಬಿ ಎಲ್ಲಿದೆ? ಇಲ್ಲದ ಮೀನಿಗೆ ಯಾಕೆ ಹೆದರ್ಬೇಕು. ಗೊಬ್ಬರಗುಂಡಿಯ ಸಣ್ಣ ಕೆಂಪು ಹುಳ ಎರಡು, 8ನೇ ನಂಬರಿಗೆ ಮಧ್ಯದಲ್ಲಿ ಚುಚ್ಚಿ, ಬಾಲ ಒಂದು ಸೆಂಟಿಮೀಟರ್ ಆಡೋ ಹಾಗೆ ಬಿಡಿ. ಗದ್ದೆಯ ದಪ್ಪ ಹುಳ ಬೇಡ, ಎಸೆಯೋವಾಗ ಹರಿಯುತ್ತೆ. ಮಳೆ ನಿಂತ ಮಾರನೇ ದಿನ ತೋಡಿನ ನೀರು ಕೆರೆಗೆ ಬೀಳೋ ಬಾಯಲ್ಲಿ ಹಾಕಿ. ಅಲ್ಲಿ ಮಣ್ಣಿನ ಜೊತೆ ಹುಳ ಕೊಚ್ಚಿಕೊಂಡು ಬರೋದು ಮೀನಿಗೆ ಗೊತ್ತು. ಹೊಸ ನೀರಲ್ಲಿ ಉಸಿರೂ ಇರುತ್ತೆ.

ಬೆಂಡು_ಸೀಸ:
ತೋಡಿನ ಬಾಯಿ ವಿಷಯ ಪೂರ್ತಿ ಒಪ್ಪಿದೆ. ಗುಡುಗು ಮಳೆ ಆದ ಕೆರೆಯಲ್ಲಿ ಮೊದಲು ಚೇತರಿಸಿಕೊಳ್ಳೋದು ಆ ಮೂಲೆನೇ.

ಸಿಲ್ವರ್_ನೆರಳು:
ತಳ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಕಾಫಿ ತೋಟದ ಕೆರೆ ಅಂದ್ರೆ ದಡದಲ್ಲಿ ಸಿಲ್ವರ್ ಓಕ್ ಇರುತ್ತೆ. ಅದರ ಎಲೆ ಬೇಗ ಕೊಳೆಯೋ ಜಾತಿ ಅಲ್ಲ, ವರ್ಷವರ್ಷದ್ದು ಒಂದರ ಮೇಲೊಂದು ಕೂತಿರುತ್ತೆ. 20 ಗ್ರಾಂ ಸೀಸ ಕಟ್ಟಿ ತಳಕ್ಕೆ ಬಿಟ್ರೆ ಸೀಸದ ಜೊತೆ ಮುದ್ದೆಯೂ ಎಲೆಯ ಹಾಸಿಗೆಯೊಳಗೆ ಹೋಗಿ ಕೂರುತ್ತೆ. ಅಲ್ಲಿ ಮೇಯೋಕೆ ಯಾವ ಮೀನೂ ಹೋಗಲ್ಲ.

ಸೀಸ ಎಳೆದು ಮೂಸಿ ನೋಡಿ. ಕಪ್ಪು ಕೆಸರು ಅಂಟಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಆ ಜಾಗ ಬಿಡಿ. ಕೆಂಪು ಅಥವಾ ಹಳದಿ ಜೇಡಿ ಅಂಟಿದ್ರೆ ಅದೇ ಜಾಗ. ಜೆಸಿಬಿ ಕೆರೆಗಳಲ್ಲಿ ಸಾಮಾನ್ಯವಾಗಿ ಯಂತ್ರ ಇಳಿದು ಹತ್ತಿದ ದಾರಿ ಒಂದು ಕಡೆ ಇಳಿಜಾರಾಗಿ ಉಳಿದಿರುತ್ತೆ. ಅಲ್ಲಿ ಎಲೆ ನಿಲ್ಲಲ್ಲ, ಜಾರಿ ಗುಂಡಿಗೆ ಹೋಗುತ್ತೆ. ಆ ಇಳಿಜಾರಿನ 5–7 ಅಡಿ ಆಳ ಈ ಕಾಲದಲ್ಲಿ ಕಾರ್ಪ್ ಮೇಯೋ ಜಾಗ. ಹತ್ತು ಗಂಟೆ ಬಿಸಿಲಿಗೆ ಮೊದಲು ಬೆಚ್ಚಗಾಗೋದೂ ಅದೇ.

ಎಲೆ ಮೇಲೇ ಹಾಕ್ಬೇಕಾಗಿ ಬಂದ್ರೆ ಸೀಸ 5 ಗ್ರಾಮಿಗೆ ಇಳಿಸಿ, ಸೀಸದಿಂದ ಗಾಳಕ್ಕೆ ತಂಗೂಸಿ (ನೈಲಾನ್ ದಾರ) 30 ಸೆಂಟಿಮೀಟರ್ ಬಿಡಿ. ಮುದ್ದೆಗೆ ಪುರಿ (ಮಂಡಕ್ಕಿ) ಪುಡಿ ಮಾಡಿ ಕಲಸಿ, ಒಂದು ಹಿಡಿ ಮುದ್ದೆಗೆ ಅರ್ಧ ಹಿಡಿ ಪುಡಿ. ಹಗುರಾಗಿ ನಿಧಾನಕ್ಕೆ ಇಳಿದು ಎಲೆ ಮೇಲೇ ಕೂರುತ್ತೆ.

ಸುಂಟಿಕೊಪ್ಪ_ಕೆರೆ:
ಸೀಸಕ್ಕೆ ಕಪ್ಪು ಕೆಸರೇ ಅಂಟೋದು. ವಾಸನೆನೂ ಇದೆ. ಇಳಿಜಾರು ಪಂಪ್‌ಹೌಸ್ ಕಡೆ ಇದೆ, ಅಲ್ಲಿ ಹಾಕೇ ಇಲ್ಲ. ಕಾಟ್ಲಾಕ್ಕೂ ಇದೇ ಎರೆ ಆಗುತ್ತಾ?

ಹಾರಂಗಿ_ದಂಡೆ:
ಇಲ್ಲ. ಮೂರು ಮೀನಿಗೆ ಮೂರು ಮನೆ. ಕಾಟ್ಲಾ ಮೇಲಿನ ನೀರಲ್ಲಿ, ರೋಹು ನಡುನೀರಲ್ಲಿ, ಕಾಮನ್ ಕಾರ್ಪ್ ಮತ್ತು ಮೃಗಾಲ್ ತಳದಲ್ಲಿ. ಕಾಟ್ಲಾದ ಬಾಯಿ ನೋಡಿ, ಮೇಲಕ್ಕೆ ತಿರುಗಿದೆ. ಕೆಳಗೆ ಬಿದ್ದದ್ದನ್ನ ಹೆಕ್ಕೋಕಲ್ಲ, ನೀರಲ್ಲಿ ತೇಲೋ ಸಣ್ಣ ಜೀವಿಗಳನ್ನ ಸೋಸಿ ತಿನ್ನೋಕೆ ಇರೋ ಬಾಯಿ. ಗಟ್ಟಿ ಮುದ್ದೆ ಅದಕ್ಕೆ ಊಟವೇ ಅಲ್ಲ. ನೀರಲ್ಲಿ ಹೊಗೆ ಥರ ಬಿಚ್ಚಿಕೊಳ್ಳೋ ಎರೆ ಬೇಕು.

ಹುರಿಗಡಲೆ ಹಿಟ್ಟು 200 ಗ್ರಾಂ, ಸಣ್ಣ ಜರಡಿ ಹಿಡಿದ ಅಕ್ಕಿ ತೌಡು 200 ಗ್ರಾಂ, ಬ್ರೆಡ್ ಪುಡಿ 100 ಗ್ರಾಂ, ಪುಡಿ ಮಾಡಿದ ಸೋಂಪು ಒಂದು ಚಮಚ. ನೀರು ಚಿಮುಕಿಸಿ, ಹಿಡಿದ್ರೆ ಉಂಡೆ ಆಗ್ಬೇಕು, ಬೆರಳು ತಾಗಿದ್ರೆ ಉದುರ್ಬೇಕು. ಅಷ್ಟೇ ನೀರು. ಕಿತ್ತಳೆ ಗಾತ್ರದ ಉಂಡೆ ಮಾಡಿ, 8ನೇ ನಂಬರಿನ ನಾಲ್ಕು ಗಾಳ ಬೇರೆ ಬೇರೆ ಎಳೆಯಲ್ಲಿ ಕಟ್ಟಿದ ಗುಚ್ಛನ ಉಂಡೆಯ ಮೈಗೆ ಮೆಲ್ಲಗೆ ಒತ್ತಿ. ಬೆಂಡಿನಿಂದ ಎರಡೂವರೆ ಅಡಿ ಕೆಳಗೆ ಮಾತ್ರ. ಉಂಡೆ 8–10 ನಿಮಿಷದಲ್ಲಿ ಕರಗ್ಬೇಕು. ಹದಿನೈದು ನಿಮಿಷವಾದ್ರೂ ಹಾಗೇ ಇದ್ರೆ ನೀರು ಜಾಸ್ತಿ ಹಾಕಿದ್ದೀರಿ ಅಂತ ಅರ್ಥ.

ಕಾಟ್ಲಾ ಬೆಂಡನ್ನ ಮುಳುಗಿಸಲ್ಲ. ಹಿಟ್ಟಿನ ಮೋಡ ಹೀರ್ತಾ ಗಾಳವೂ ಬಾಯಿಗೆ ಹೋದಾಗ ಬೆಂಡು ಅರ್ಧ ಇಂಚು ಮೇಲೇಳುತ್ತೆ, ಇಲ್ಲಾ ಮಲಗುತ್ತೆ. ಎಳೆಯೋದು ಆಗಲೇ. ಮುಳುಗ್ಲಿ ಅಂತ ಕಾದ್ರೆ ಹೋಯ್ತು.

ಪೊನ್ನಂಪೇಟೆ_೨:
ನಾಲ್ಕು ಗಾಳದ ಗುಚ್ಛ ಬೇಡ ಅಂತ ನನ್ನ ವಾದ. ಸಣ್ಣ ಮರಿ ಬಂದ್ರೆ ಕಣ್ಣಿಗೆ, ಹೊಟ್ಟೆಗೆ ಚುಚ್ಚಿಕೊಳ್ಳುತ್ತೆ, ಬಿಟ್ಟರೂ ಬದುಕಲ್ಲ. ಎರಡು ಗಾಳ ಸಾಕು, ಮೊನೆಯ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ದಾರ ಸಡಿಲ ಬಿಡದಿದ್ರೆ ಮೀನು ಕಳಚಿಕೊಳ್ಳಲ್ಲ.

ಹಾರಂಗಿ_ದಂಡೆ:
ಸ್ವಂತ ಕೆರೆಯಲ್ಲಿ ಎರಡು ವರ್ಷದ ಮೀನು ಮಾತ್ರ ಇದ್ದಾಗ ನಾಲ್ಕು ನಡೆಯುತ್ತೆ. ಮರಿ ಇರೋ ಕೆರೆಗೆ ನಿಮ್ಮ ಮಾತು ಸರಿ.

ಗೋಣಿಕೊಪ್ಪ_ಗಾಳ:
ಮೇವು ಎರಚೋದ್ರಲ್ಲೂ ಈಗ ಕೈ ಬಿಗಿ ಹಿಡೀಬೇಕು. ಬೇಸಿಗೆಯಲ್ಲಿ ಎರಡು ಕಿಲೋ ಹಿಂಡಿ ಸುರಿಯೋರು ಈಗ ಅರ್ಧ ಕಿಲೋ ತೌಡು, 100 ಗ್ರಾಂ ನೆನೆಸಿದ ಹಿಂಡಿ, ಅಷ್ಟೇ ಪ್ರಮಾಣದ ಕೆರೆ ಮಣ್ಣು ಸೇರಿಸಿ ಐದಾರು ಉಂಡೆ ಹಾಕಿದ್ರೆ ಸಾಕು. ನೀರು ತಣ್ಣಗಾದಾಗ ಮೀನಿಗೆ ಎಣ್ಣೆಯ ಮೇವು ನಿಧಾನಕ್ಕೆ ಅರಗುತ್ತೆ. ತಿನ್ನದೆ ಉಳಿದ ಹಿಂಡಿ ತಳದಲ್ಲಿ ಕೊಳೆತು ನಿಮ್ಮ ಬೆಳಗಿನ ಉಸಿರಿನ ತೊಂದರೆ ಇನ್ನೂ ಜಾಸ್ತಿ ಆಗುತ್ತೆ.

ಮಡಿಕೇರಿ_ಮಂಜು:
ಕೊರವಕ್ಕೆ ಈಗ ಕಾಲವಾ? ಗದ್ದೆ ಪಕ್ಕದ ಕೆರೆ.

ಗದ್ದೆಬದು:
ಕೊರವ ಅಂದ್ರೆ ಯಾವುದು? ಕೆಲವರು ಮುರ್ಲು ಅಂತಾರೆ, ಸಣ್ಣ ಮಚ್ಚೆಯದ್ದನ್ನ ಮಾತ್ರ ಕೊರವ ಅನ್ನೋರೂ ಇದ್ದಾರೆ.

ಸಿಲ್ವರ್_ನೆರಳು:
ಹಾವಿನ ತಲೆಯ ಮೀನು, ಯಾವ ಹೆಸರಾದ್ರೂ ಇರ್ಲಿ. ಅದು ನೇರ ಗಾಳಿ ಕುಡಿಯೋ ಮೀನು, ಹಾಗಾಗಿ ಮೋಡದ ದಿನವೂ ಸಾಯಲ್ಲ, ಆದ್ರೆ ಚುರುಕಾಗೋದು ಬಿಸಿಲಿಗೆ. ಹನ್ನೊಂದರಿಂದ ಎರಡರವರೆಗೆ ದಡದ ಹುಲ್ಲು, ಕೆಸುವಿನ ಬುಡ ನೋಡಿ. ರಬ್ಬರ್ ಕಪ್ಪೆ ಸಾಕು. ಹುಲ್ಲಿನ ಮೇಲೆ ಎಸೆದು, ಎಳೆದು, ನಿಲ್ಲಿಸಿ, ಮತ್ತೆ ಎಳೀರಿ. ಹೊಡೆದ ತಕ್ಷಣ ಎಳೀಬೇಡಿ, ಎರಡು ಎಣಿಸಿ, ಬಾಯಿ ಮುಚ್ಚಿ ತಿರುಗ್ಲಿ. ತಂಗೂಸಿ 0.40 ಮಿಲಿಮೀಟರಿಗಿಂತ ತೆಳು ಬೇಡ, ಹುಲ್ಲಲ್ಲಿ ಕುಯ್ದು ಹೋಗುತ್ತೆ.

ಗದ್ದೆಯ ಜೀವಂತ ಕಪ್ಪೆ ಹಿಡಿದು ಚುಚ್ಚೋದು ದಯವಿಟ್ಟು ಬೇಡ. ಭತ್ತದ ಹುಳ ತಿನ್ನೋದು ಅವೇ. ಇನ್ನೊಂದು ಮಾತು, ನೀರಿನ ಮೇಲೆ ಕೆಂಪು ಕೇಸರಿ ಬಣ್ಣದ ಮರಿಗಳ ಗುಂಪು ಕುದಿಯೋ ಹಾಗೆ ಎದ್ದು ಮುಳುಗ್ತಾ ಇದ್ರೆ ಆ ಜಾಗಕ್ಕೆ ಏನೂ ಎಸೀಬೇಡಿ. ಕೆಳಗೆ ತಾಯಿ ತಂದೆ ಕಾವಲಿರ್ತಾವೆ, ಕೋಪಕ್ಕೆ ಏನು ಕಂಡ್ರೂ ಕಚ್ತಾವೆ. ಅವನ್ನ ಹಿಡಿದ್ರೆ ಮರಿಗಳನ್ನ ಬೇರೆ ಮೀನು ಬೇಗ ಮುಗಿಸಿಬಿಡುತ್ತೆ.

ಕುಶಾಲನಗರ_ಹೊಳೆ:
ಹೊಳೆ ಕಡೆ ಯಾರಾದ್ರೂ? ಕಾವೇರಿ ತಿಳಿಯಾಗ್ತಾ ಇದೆ. ಬಿಳಿ ಮೀನಿಗೆ (ಮಹಶೀರ್) ರಾಗಿನಾ, ಏಡಿನಾ?

ಬೆಂಡು_ಸೀಸ:
ಮೊದಲು ಅನುಮತಿ, ಆಮೇಲೆ ಎರೆ. ಹೊಳೆ, ಜಲಾಶಯ ಎರಡಕ್ಕೂ ಮೀನುಗಾರಿಕೆ ಇಲಾಖೆಯ ಪರವಾನಗಿ ಕೇಳ್ಬೇಕು. ನಾಗರಹೊಳೆ ಕಾಡಿನೊಳಗೆ ಗಾಳ ಹಾಕೋ ಹಾಗೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ವಾಲ್ನೂರು ಕಡೆ ಬಿಳಿ ಮೀನನ್ನ ಹಿಡಿದು ಬಿಡೋ ಪದ್ಧತಿ ಇದೆ, ಮನೆಗೆ ಒಯ್ಯೋ ಪ್ರಶ್ನೆನೇ ಇಲ್ಲ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರೋ ಕೇಸರಿ ರೆಕ್ಕೆಯ ಗೂನು ಮಹಶೀರ್ 2018ರಲ್ಲಿ ಅಳಿವಿನ ಅಂಚಿಗೆ ತೀರಾ ಹತ್ತಿರ ಇರೋ ಪಟ್ಟಿಗೆ ಸೇರಿದೆ. ಅದು ಕೈಗೆ ಬಂದ್ರೆ ನೀರಿನಿಂದ ಎತ್ತಲೇಬೇಡಿ.

ಎರೆ ವಿಷಯ: ನೀರು ಚಹಾ ಬಣ್ಣ ಇರೋವರೆಗೆ ರಾಗಿ, ವಾಸನೆಯಿಂದ ಹುಡುಕಿ ಬರುತ್ತೆ. ತಳದ ಕಲ್ಲು ಕಾಣೋಷ್ಟು ತಿಳಿಯಾದ ಮೇಲೆ ಏಡಿ. ಒಂಟಿ ಗಾಳ, ಮುಳ್ಳು ಚಪ್ಪಟೆ. ಬಿಡೋವಾಗ ಕೈ ಒದ್ದೆ ಮಾಡಿಕೊಂಡು, ಮೀನಿನ ಮುಖ ಹರಿವಿಗೆ ಎದುರಾಗಿ ಹಿಡೀರಿ. ಬಾಲ ತಾನಾಗೇ ಬಲವಾಗಿ ಹೊಡೆದಾಗ ಬಿಡಿ, ಅದಕ್ಕೆ ಮುಂಚೆ ಬಿಟ್ರೆ ಮಗುಚುತ್ತೆ.

ಹಾರಂಗಿ_ದಂಡೆ:
ಹಾರಂಗಿ ಬಗ್ಗೆ ಕೇಳೋರಿಗೂ ಒಂದು ಮಾತು. ಪೂರ್ಣ ಮಟ್ಟ 2,859 ಅಡಿ. ನಾಲೆಗೆ ನೀರು ಬಿಡ್ತಾ ಮಟ್ಟ ಇಳಿಯೋ ದಿನಗಳಲ್ಲಿ ದಡದ ಮೀನು ಆಳಕ್ಕೆ ಸರಿಯುತ್ತೆ. ನಿನ್ನೆ ಎಳೆತ ಇದ್ದ ಜಾಗದಲ್ಲಿ ಇವತ್ತು ಇಲ್ಲ ಅಂದ್ರೆ ಎರೆ ಬದಲಾಯಿಸೋಕೆ ಹೋಗ್ಬೇಡಿ, ಹತ್ತು ಹೆಜ್ಜೆ ಮುಂದಕ್ಕೆ ಎಸೀರಿ. 2018ರ ಗುಡ್ಡ ಕುಸಿತದಲ್ಲಿ ಮೇಲಿನಿಂದ ಹೂಳು ತುಂಬಾ ಬಂದು ಸೇರಿದೆ, ಹಳೆ ಗುಂಡಿಗಳ ಲೆಕ್ಕ ಈಗ ನಂಬೋ ಹಾಗಿಲ್ಲ. ಪ್ರತಿ ಸಲ ಸೀಸ ಬಿಟ್ಟು ಆಳ ಅಳೀಬೇಕು.

ಪೊನ್ನಂಪೇಟೆ_೨:
ತೋಟದವರಿಗೆ ಒಂದು ಕಳಕಳಿಯ ಮಾತು. ಇದೇ ತಿಂಗಳಲ್ಲಿ ಕರಿಮೆಣಸು, ಕಾಫಿಗೆ ಮಳೆ ಬಿಟ್ಟ ಮೇಲಿನ ಬೋರ್ಡೋ (ಶಿಲೀಂಧ್ರ ರೋಗದ ಔಷಧಿ) ಹೊಡೀತೀರಿ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಡ್ರಮ್ಮು, ಗನ್ನು ತೊಳೆಯೋಕೆ ಕೆರೆ ದಡಕ್ಕೆ ತರ್ಬೇಡಿ. ತಾಮ್ರ ಮೀನಿನ ಕಿವಿರು ಸುಡುತ್ತೆ, ನಮ್ಮ ಕೊಡಗಿನ ಮೆದು ನೀರಲ್ಲಿ ಅದರ ವಿಷ ಇನ್ನೂ ಜಾಸ್ತಿ. ತೊಳೆದ ನೀರನ್ನ ಕೆರೆಯಿಂದ ದೂರ ಗುಂಡಿಗೆ ಸುರೀರಿ.

ಕುಶಾಲನಗರ_ಹೊಳೆ:
ಅರೇಬಿಕಾ ಕುಯ್ಲು ಶುರುವಾದ್ರೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ನೀರೂ ಸೇರಿಸ್ಕೊಳ್ಳಿ. ತೋಡಿಗೆ ಬಿಟ್ಟರೆ ಆ ಸಿಹಿ ಲೋಳೆ ಕೊಳೆಯೋವಾಗ ನೀರಿನ ಆಮ್ಲಜನಕ ಎಲ್ಲಾ ತಿಂದುಹಾಕುತ್ತೆ. ಕಂದು ನೊರೆ, ಹುಳಿ ವಾಸನೆ ಕಂಡ್ರೆ ಆ ತೋಡಲ್ಲಿ ಮೀನು ಹುಡುಕೋದಲ್ಲ, ಎಲ್ಲಿಂದ ಬರ್ತಿದೆ ಅಂತ ಹುಡುಕಿ ಪಂಚಾಯ್ತಿಗೆ ತಿಳಿಸ್ಬೇಕು.

ಮಡಿಕೇರಿ_ಮಂಜು:
ವಿಷಯ ಬಿಟ್ಟು ಒಂದು ಪ್ರಶ್ನೆ. ತೋಟದ ಕೆರೆ ಮೀನಿಗೆ ಮಣ್ಣು ವಾಸನೆ ಯಾಕೆ? ಹೋಗಿಸೋದು ಹೇಗೆ?

ಗದ್ದೆಬದು:
ಪಾಚಿ ಮತ್ತು ತಳದ ಸೂಕ್ಷ್ಮಜೀವಿಗಳು ಬಿಡೋ ವಾಸನೆ ಅದು, ಮೀನಿನ ಕೊಬ್ಬಲ್ಲಿ ಸೇರಿಕೊಳ್ಳುತ್ತೆ. ಸಾಧ್ಯವಾದ್ರೆ ಜೀವಂತ ಮೀನನ್ನ ಹರಿಯೋ ಚೊಕ್ಕ ನೀರಿನ ತೊಟ್ಟಿಯಲ್ಲಿ ಮೇವು ಹಾಕದೆ ಮೂರು ನಾಲ್ಕು ದಿನ ಬಿಡಿ. ಆಗದಿದ್ರೆ ಹೊಟ್ಟೆಯೊಳಗಿನ ಕಪ್ಪು ಪೊರೆ ಪೂರ್ತಿ ಉಜ್ಜಿ ತೆಗೆದು, ಕಿಲೋ ಮೀನಿಗೆ ಎರಡು ಚಮಚ ಕಲ್ಲುಪ್ಪು, ಒಂದು ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಸವರಿ ಅರ್ಧ ಗಂಟೆ ಇಟ್ಟು ತೊಳೀರಿ. ಹುಳಿಗೆ ಆ ವಾಸನೆ ಮುರಿಯುತ್ತೆ. ಸಾರಿಗೂ ಕಾಚಂಪುಳಿನೇ ಹಾಕಿ, ಆದ್ರೆ ಕೊನೆಯಲ್ಲಿ, ಇಲ್ಲಾಂದ್ರೆ ಕಹಿ ಆಗುತ್ತೆ.

ಪೊನ್ನಂಪೇಟೆ_೨:
ಕೊನೆಯಲ್ಲಿ ಯಾಕೆ? ಮಸಾಲೆ ಜೊತೆ ಕುದಿಸಿದ್ರೇ ಮೀನು ಒಡೆಯಲ್ಲ. ಕಹಿ ಆಗೋದು ಜಾಸ್ತಿ ಸುರಿದಾಗ.

ಬೆಂಡು_ಸೀಸ:
ಅಡುಗೆ ಚರ್ಚೆಗೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಕೆರೆ ವಿಷಯ ಮುಗಿದಿಲ್ಲ. ಸುಂಟಿಕೊಪ್ಪದವರೇ, ಸುಣ್ಣ ಹಾಕೋ ಯೋಚನೆ ಇದ್ರೆ ಮೊದಲು ಪಿಎಚ್ ಪಟ್ಟಿಯಲ್ಲಿ ನೋಡಿ. 6.5ಕ್ಕಿಂತ ಕೆಳಗಿದ್ರೆ ಮಾತ್ರ, ಅದೂ ಕೃಷಿ ಸುಣ್ಣ, ಸುಟ್ಟ ಸುಣ್ಣ ಬೇಡ.

ಸುಂಟಿಕೊಪ್ಪ_ಕೆರೆ:
ಸರಿ. ಬೆಳಗಿನ ಜಾವ ಪಂಪು, ಹತ್ತು ಗಂಟೆ ಮೇಲೆ ಪಂಪ್‌ಹೌಸ್ ಇಳಿಜಾರಲ್ಲಿ 6 ಅಡಿಗೆ ಮೆದು ಮುದ್ದೆ, 8ನೇ ಗಾಳ, ಕಾಟ್ಲಾಕ್ಕೆ ಬೇರೆ ಕೋಲಲ್ಲಿ ಎರಡೇ ಗಾಳದ ಹಿಟ್ಟಿನ ಉಂಡೆ. ಮುದ್ದೆಗೆ ಹಾಕೋ ಪುರಿ ಉಪ್ಪಿಂದಾ, ಸಪ್ಪೆದಾ?

ಸಿಲ್ವರ್_ನೆರಳು:
ಸಪ್ಪೆದು. ಎಣ್ಣೆ, ಖಾರ ತಾಗಿದ್ದು ಬೇಡ. ಇಳಿಜಾರಲ್ಲಿ ಎಲೆ ಇಲ್ಲದಿದ್ರೆ ಪುರಿ ಹಾಕೋದೇ ಬೇಕಾಗಿಲ್ಲ, ಮೊದಲು ಸೀಸ ಬಿಟ್ಟು ನೋಡಿ.

ಗದ್ದೆಬದು:
ಜೊತೆಗೆ ಒಂದು ಡಬ್ಬಿ ಎರೆಹುಳಾನೂ ಇಟ್ಕೊಳ್ಳಿ ಅಣ್ಣ. ತೋಡಿನ ಬಾಯಿಗೆ.